ಜೀವ ಉಳಿಸುವ ಮೆತ್ತನೆಯ ಕೊಳವೆ



ಇವತ್ತು ನಾವು ಒಂದು ಕೊಳವೆಯ ಬಗ್ಗೆ ಮಾತಾಡೋಣ. ಕೊಳವೆ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಕೊಳವೆ ಬಾವಿ ನೆನಪಾಗುತ್ತೆ. ಒಲೆ ಊದುವ ಊದುಗೊಳವೆ ನೆನಪಾಗುತ್ತೆ. ಗದ್ದೆಗೆ ನೀರು ಬಿಡುವ ಪೈಪು ನೆನಪಾಗುತ್ತೆ. ನಾವು ಹೇಳುವ ಕೊಳವೆ ಇವು ಯಾವುದೂ ಅಲ್ಲ. ಇದು ಪೆನ್ಸಿಲ್ಲಿಗಿಂತ ಸಣ್ಣದು. ಮೆತ್ತನೆಯ ಪ್ಲಾಸ್ಟಿಕ್ಕಿನಿಂದ ಮಾಡಿದ್ದು. ಇದರ ಹೆಸರು ಕ್ಯಾಥೆಟರ್.

ವಾರಕ್ಕೆ ಎರಡು ಸಲ, ಮೂರು ಸಲ ಜಿಲ್ಲಾ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬರುವವರನ್ನು ನೀವು ನೋಡಿರಬಹುದು. ಅವರಲ್ಲಿ ಕೆಲವರ ಕುತ್ತಿಗೆಯಲ್ಲೋ ಎದೆಯ ಮೇಲೋ ಬಿಳಿ ಪಟ್ಟಿ ಅಂಟಿಸಿರುತ್ತಾರೆ. ಪಟ್ಟಿಯ ಕೆಳಗಿನಿಂದ ಎರಡು ಬಾಲ ಇಳಿಬಿದ್ದಿರುತ್ತವೆ. ಒಂದಕ್ಕೆ ಕೆಂಪು ಗುರುತು, ಇನ್ನೊಂದಕ್ಕೆ ನೀಲಿ ಗುರುತು. ಅದೇ ಈ ಕೊಳವೆ. ಅವರಿಗೆ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ.

"ಕುತ್ತಿಗೆಗೆ ಪೈಪು ಹಾಕಿದರೆ ಮುಗೀತು, ಆ ಮನುಷ್ಯ ಉಳಿಯಲ್ಲ" ಅಂತ ಕೆಲವರು ಹೇಳ್ತಾರೆ. ಇದು ನಿಜವೇ? ಅಲ್ಲ. ಕೊಳವೆ ಹಾಕುವುದೇ ಉಳಿಸುವುದಕ್ಕೆ. ಆದರೆ ಅದನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಅಪಾಯ ಇದೆ. ಅದೂ ನಿಜ. ಎರಡನ್ನೂ ತಿಳಿಯೋಣ.

ಮೂತ್ರಪಿಂಡದ ಕೆಲಸ

ನಮ್ಮ ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಗೆ ಎರಡು ಮೂತ್ರಪಿಂಡಗಳಿವೆ. ಅವರೆ ಕಾಳಿನ ಆಕಾರ, ಮುಷ್ಟಿಯಷ್ಟು ಗಾತ್ರ. ಇವು ರಕ್ತವನ್ನು ಸೋಸುತ್ತವೆ. ಹಗಲೂ ರಾತ್ರಿ ಸೋಸುತ್ತವೆ. ಒಂದು ದಿನಕ್ಕೆ ಸುಮಾರು 180 ಲೀಟರು ಸೋಸುತ್ತವೆ. 15 ಲೀಟರಿನ ಕೊಡದಲ್ಲಿ ಅಳೆದರೆ 12 ಕೊಡ ಆಯಿತು! ಅದರಲ್ಲಿ ಬೇಕಾದ್ದನ್ನೆಲ್ಲ ದೇಹಕ್ಕೆ ವಾಪಸು ಕೊಡುತ್ತವೆ. ಬೇಡದ ಕಸವನ್ನು, ಹೆಚ್ಚಾದ ನೀರನ್ನು ಮೂತ್ರ ಮಾಡಿ ಹೊರಗೆ ಕಳಿಸುತ್ತವೆ.

ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಹತೋಟಿಯಲ್ಲಿ ಇಲ್ಲದಿದ್ದರೆ ಮೂತ್ರಪಿಂಡ ನಿಧಾನವಾಗಿ ಹಾಳಾಗುತ್ತೆ. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೂ ಹಾಳಾಗಬಹುದು. ಆಗ ಕಸ ರಕ್ತದಲ್ಲೇ ಉಳಿಯುತ್ತದೆ. ಮೈ ಊದುತ್ತದೆ. ವಾಕರಿಕೆ ಬರುತ್ತದೆ. ಉಸಿರು ಕಟ್ಟುತ್ತದೆ. ಹಾಗೇ ಬಿಟ್ಟರೆ ಜೀವ ಹೋಗುತ್ತದೆ.

ಆಗ ರಕ್ತವನ್ನು ಹೊರಗೆ ತಂದು, ಯಂತ್ರದಲ್ಲಿ ಸೋಸಿ, ಮತ್ತೆ ಒಳಗೆ ಬಿಡುತ್ತಾರೆ. ಇದೇ ಡಯಾಲಿಸಿಸ್. ಒಂದು ಸಲಕ್ಕೆ ಸುಮಾರು 4 ಗಂಟೆ ಬೇಕು.

ರಕ್ತ ಹೊರಗೆ ಬರುವುದು ಹೇಗೆ?

ಇಲ್ಲೇ ತೊಡಕು ಇರುವುದು. ಯಂತ್ರಕ್ಕೆ ಒಂದು ನಿಮಿಷಕ್ಕೆ 300 ಮಿಲಿ ಲೀಟರು ರಕ್ತ ಬೇಕು ಅಂತ ಇಟ್ಟುಕೊಳ್ಳಿ. ಈಗ ಲೆಕ್ಕ ಹಾಕೋಣ. 4 ಗಂಟೆ ಅಂದರೆ 240 ನಿಮಿಷ. ಒಟ್ಟು 72 ಲೀಟರು! ನಮ್ಮ ಮೈಯಲ್ಲಿ ಇರುವ ರಕ್ತ ಸುಮಾರು 5 ಲೀಟರು ಮಾತ್ರ. ಅಂದರೆ ಅದೇ ರಕ್ತ ಮತ್ತೆ ಮತ್ತೆ ಸುತ್ತು ಹಾಕಬೇಕು.

ಕೈಯ ಸಣ್ಣ ನರಕ್ಕೆ ಸೂಜಿ ಚುಚ್ಚಿ ಪರೀಕ್ಷೆಗೆ ರಕ್ತ ತೆಗೆಯುತ್ತಾರಲ್ಲ, ಅಲ್ಲಿಂದ ಇಷ್ಟು ರಕ್ತ ಬರೋದಿಲ್ಲ. ಸಣ್ಣ ಹಳ್ಳಕ್ಕೆ ದೊಡ್ಡ ಪಂಪು ಇಟ್ಟರೆ ಏನಾಗುತ್ತೆ? ನೀರು ಬತ್ತಿ ಪಂಪು ಗಾಳಿ ಎಳೆಯುತ್ತೆ. ಇಲ್ಲೂ ಹಾಗೇ. ಜೋರಾಗಿ ಎಳೆದರೆ ಆ ಸಣ್ಣ ನರ ಒಳಗೊಳಗೇ ಅಂಟಿಕೊಳ್ಳುತ್ತೆ. ಆದ್ದರಿಂದ ದೊಡ್ಡ ರಕ್ತನಾಳಕ್ಕೇ ದಾರಿ ಮಾಡಬೇಕು. ಒಂದು ಸಲ ಅಲ್ಲ. ವಾರ ವಾರವೂ, ವರ್ಷಗಟ್ಟಲೆ.

ಈ ದಾರಿ ಹುಡುಕುವುದಕ್ಕೆ ಡಾಕ್ಟರುಗಳು ಬಹಳ ಕಷ್ಟಪಟ್ಟರು. ಆ ಕಥೆ ಕೇಳಿ.

ಯಂತ್ರ ಇತ್ತು, ದಾರಿ ಇರಲಿಲ್ಲ

1943ನೇ ಇಸವಿ. ಯೂರೋಪಿನಲ್ಲಿ ಯುದ್ಧ ನಡೀತಾ ಇತ್ತು. ಹಾಲೆಂಡ್ ದೇಶ ಜರ್ಮನಿಯ ಸೈನ್ಯದ ಕೈಯಲ್ಲಿತ್ತು. ಅಲ್ಲಿ ಕಾಂಪೆನ್ ಅನ್ನುವ ಸಣ್ಣ ಊರು. ಆ ಊರಿನ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೋಲ್ಫ್ ಅನ್ನುವ ಡಾಕ್ಟರು ಇದ್ದರು. ಅಲ್ಲಿನ ಜನ ಅರೆದ ಮಾಂಸ ತುಂಬಿಡಲು ಒಂದು ತೆಳು ಕೊಳವೆ ಬಳಸುತ್ತಿದ್ದರು. ಅದು ಸೆಲ್ಲೋಫೇನಿನ ಕೊಳವೆ. ಕೋಲ್ಫ್ ಅದನ್ನೇ ಒಂದು ಉರುಳೆಗೆ ಸುತ್ತಿದರು. ಉರುಳೆಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಕೊಳವೆಯೊಳಗೆ ರಕ್ತ ಹರಿಯಿತು. ರಕ್ತದ ಕಸ ನೀರಿಗೆ ಇಳಿಯಿತು. ಮನುಷ್ಯನ ರಕ್ತ ಸೋಸುವ ಯಂತ್ರ ಸಿದ್ಧವಾಯಿತು.

ಅವರ ಮೊದಲ ರೋಗಿ ಮನೆಗೆಲಸದ ಒಬ್ಬ ಹೆಣ್ಣುಮಗಳು. ವಯಸ್ಸು 29. ಯಂತ್ರ ಕೆಲಸ ಮಾಡಿತು. ಆದರೆ ಪ್ರತಿ ಸಲವೂ ರಕ್ತನಾಳ ಕೊಯ್ದು ಕೊಳವೆ ಇಡಬೇಕಿತ್ತು. ಮುಗಿದ ಮೇಲೆ ಕೀಳಬೇಕಿತ್ತು. ಕೊಯ್ದ ಜಾಗ ಮತ್ತೆ ಉಪಯೋಗಕ್ಕೆ ಬರುತ್ತಿರಲಿಲ್ಲ. 12 ಸಲ ಡಯಾಲಿಸಿಸ್ ಆಯಿತು. ಆಮೇಲೆ ಕೊಯ್ಯಲು ರಕ್ತನಾಳವೇ ಉಳಿಯಲಿಲ್ಲ. ಆ ಹೆಣ್ಣುಮಗಳು ತೀರಿಕೊಂಡಳು.

ನೋಡಿದಿರಾ? ಯಂತ್ರ ಇತ್ತು. ಡಾಕ್ಟರು ಇದ್ದರು. ದಾರಿ ಮಾತ್ರ ಇರಲಿಲ್ಲ.

1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಇದೇ ಯಂತ್ರದಿಂದ ಬದುಕಿದಳು. ಅವಳ ಮೂತ್ರಪಿಂಡ ಸ್ವಲ್ಪ ಕಾಲ ಮಾತ್ರ ನಿಂತಿತ್ತು. ಆಮೇಲೆ ತಾನೇ ಸರಿಯಾಯಿತು. ಮೂತ್ರಪಿಂಡ ಪೂರ್ತಿ ಹೋದವರಿಗೆ ಇನ್ನೂ ದಾರಿ ಸಿಕ್ಕಿರಲಿಲ್ಲ.

ಕೀಳದ ಕೊಳವೆ

1960ನೇ ಇಸವಿ. ಅಮೆರಿಕ ದೇಶದ ಸಿಯಾಟಲ್ ಪಟ್ಟಣ. ಅಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನುವ ಡಾಕ್ಟರು ಇದ್ದರು. ಅವರು ಹೀಗೆ ಯೋಚಿಸಿದರು: "ಪ್ರತಿ ಸಲ ಕೊಳವೆ ಕೀಳುವುದರಿಂದ ತಾನೇ ತೊಂದರೆ? ಕೀಳದೇ ಇದ್ದರೆ ಹೇಗೆ?"

ಅವರ ಜೊತೆ ವೇಯ್ನ್ ಕ್ವಿಂಟನ್ ಅನ್ನುವ ಎಂಜಿನಿಯರು ಇದ್ದರು. ಅವರು ಟೆಫ್ಲಾನಿನಿಂದ ಕೊಳವೆ ಮಾಡಿದರು. ದೋಸೆ ಅಂಟದ ಕಾವಲಿ ಬರುತ್ತಲ್ಲ, ಅದರ ಮೇಲೆ ಬಳಿಯುವುದು ಇದೇ ಟೆಫ್ಲಾನು. ಇದಕ್ಕೆ ರಕ್ತವೂ ಸುಲಭವಾಗಿ ಅಂಟುವುದಿಲ್ಲ. ಒಂದು ಕೊಳವೆಯನ್ನು ಮುಂಗೈಯ ಶುದ್ಧ ರಕ್ತದ ನಾಳಕ್ಕೆ ಇಟ್ಟರು. ಇನ್ನೊಂದನ್ನು ಅಶುದ್ಧ ರಕ್ತದ ನಾಳಕ್ಕೆ ಇಟ್ಟರು. ಡಯಾಲಿಸಿಸ್ ಇಲ್ಲದಾಗ ಎರಡನ್ನೂ ಹೊರಗೆ ಒಂದು ಬಾಗಿದ ಕೊಳವೆಯಿಂದ ಸೇರಿಸಿದರು. ರಕ್ತ ನಿಲ್ಲದೆ ಹರಿಯುತ್ತಿತ್ತು. ಹರಿಯುವ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ.

ಇದನ್ನು 1960ರ ಮಾರ್ಚ್ ತಿಂಗಳಲ್ಲಿ ಕ್ಲೈಡ್ ಶೀಲ್ಡ್ಸ್ ಅನ್ನುವ ಕಾರ್ಮಿಕನ ಕೈಗೆ ಹಾಕಿದರು. ಅವನು ಕಾರ್ಖಾನೆಯಲ್ಲಿ ಯಂತ್ರದ ಕೆಲಸ ಮಾಡುವವನು. ಸಾಯುವ ಸ್ಥಿತಿಯಲ್ಲಿದ್ದ. ಆಮೇಲೆ ಎಷ್ಟು ಕಾಲ ಬದುಕಿದ ಗೊತ್ತಾ? 11 ವರ್ಷ!

ಆದರೆ ಟೆಫ್ಲಾನು ಗಟ್ಟಿ. ಕೈ ಆಡಿಸಿದರೆ ಒಳಗೆ ಉಜ್ಜುತ್ತಿತ್ತು. 1962ರ ಹೊತ್ತಿಗೆ ಕ್ವಿಂಟನ್ ಅದಕ್ಕೆ ಸಿಲಿಕೋನ್ ರಬ್ಬರಿನ ಮೆತ್ತನೆಯ ಕೊಳವೆ ಸೇರಿಸಿದರು. ಮೆತ್ತಗಾದ ಮೇಲೆ ಅದು ಹೆಚ್ಚು ದಿನ ಬಾಳಿತು.

ಯಾರು ಬದುಕಬೇಕು?

ದಾರಿ ಸಿಕ್ಕಿತು. ಆದರೆ ಯಂತ್ರ ಕೆಲವೇ ಇದ್ದವು. ಕಾಯುವವರು ಬಹಳ ಇದ್ದರು. 1962ರಲ್ಲಿ ಸಿಯಾಟಲ್‌ನಲ್ಲಿ 7 ಜನರ ಒಂದು ಸಮಿತಿ ಕೂತಿತು. ಒಬ್ಬರು ಪಾದ್ರಿ, ಒಬ್ಬರು ವಕೀಲರು, ಒಬ್ಬರು ಗೃಹಿಣಿ, ಒಬ್ಬರು ಬ್ಯಾಂಕಿನವರು, ಒಬ್ಬರು ಕಾರ್ಮಿಕ ಮುಖಂಡರು. ಹೀಗೇ 7 ಜನ. ಯಾರಿಗೆ ಯಂತ್ರ ಕೊಡಬೇಕು ಅಂತ ಇವರು ತೀರ್ಮಾನ ಮಾಡಬೇಕಿತ್ತು. ಮಕ್ಕಳು ಎಷ್ಟು, ಸಂಪಾದನೆ ಎಷ್ಟು, ಓದು ಎಷ್ಟು ಅಂತ ನೋಡುತ್ತಿದ್ದರು. ಆಯ್ಕೆಯಾದವರು ಬದುಕಿದರು. ಉಳಿದವರ ಗತಿ ಏನು? ನೀವೇ ಯೋಚಿಸಿ.

ಇದು ಸರಿಯಲ್ಲ ಅಂತ ಜನ ಮಾತಾಡಿದರು. 1972ರಲ್ಲಿ ಅಮೆರಿಕದಲ್ಲಿ ಕಾನೂನು ಬಂತು. ಡಯಾಲಿಸಿಸ್ ಖರ್ಚನ್ನು ಸರ್ಕಾರವೇ ವಹಿಸಿಕೊಂಡಿತು. ನಮ್ಮ ದೇಶದಲ್ಲಿ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡಬೇಕು ಅನ್ನುವುದು ಅದರ ಉದ್ದೇಶ. ಇದು ಯಾರ ದಯೆಯೂ ಅಲ್ಲ, ನಮ್ಮ ಹಕ್ಕು. ಜಿಲ್ಲಾ ಆಸ್ಪತ್ರೆಗೆ ಹೋಗಿ ಕೇಳಿ. ರೇಷನ್ ಕಾರ್ಡು ಜೊತೆಗಿರಲಿ.

ಕೈ ಬಿಟ್ಟು ಕುತ್ತಿಗೆಗೆ

ಈಗಿನ ಕೊಳವೆಯನ್ನು ಕುತ್ತಿಗೆಗೆ ಯಾಕೆ ಹಾಕ್ತಾರೆ? 1961ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸ್ಟ್ಯಾನ್ಲಿ ಶಾಲ್ಡನ್ ಅನ್ನುವ ಡಾಕ್ಟರು ಕೊಯ್ಯದೇ ಕೊಳವೆ ಹಾಕಿದರು. ತೊಡೆಯ ಸಂದಿನ ದೊಡ್ಡ ರಕ್ತನಾಳಕ್ಕೆ ಹಾಕಿದರು. ಮೊದಲು ಸೂಜಿ ಚುಚ್ಚಿದರು. ಸೂಜಿಯೊಳಗಿಂದ ತೆಳುವಾದ ತಂತಿ ಬಿಟ್ಟರು. ಸೂಜಿ ತೆಗೆದರು. ತಂತಿಯ ಮೇಲೆ ಕೊಳವೆ ಜಾರಿಸಿದರು. ದಾರದ ಮೇಲೆ ಮಣಿ ಜಾರಿಸುತ್ತೇವಲ್ಲ, ಹಾಗೆ. ಕೊನೆಗೆ ತಂತಿ ತೆಗೆದರು. ತಂತಿಯ ಈ ಉಪಾಯವನ್ನು 1953ರಲ್ಲಿ ಸ್ವೀಡನ್ ದೇಶದ ಸೆಲ್ಡಿಂಗರ್ ಅನ್ನುವ ಡಾಕ್ಟರು ತೋರಿಸಿಕೊಟ್ಟಿದ್ದರು.

ಇವತ್ತಿಗೂ ಇದೇ ರೀತಿ. ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡ್ತಾರೆ. ಸ್ಕ್ಯಾನ್ ಯಂತ್ರದಲ್ಲಿ ರಕ್ತನಾಳ ನೋಡಿಕೊಂಡು ಚುಚ್ಚುತ್ತಾರೆ. ಕುತ್ತಿಗೆಯ ಬಲಗಡೆಯ ದೊಡ್ಡ ನಾಳ ಎಲ್ಲಕ್ಕಿಂತ ಒಳ್ಳೇದು. ಅದು ನೇರವಾಗಿ ಹೃದಯದ ಕಡೆ ಇಳಿಯುತ್ತೆ. ಹಿಂದೆ ಹೆಗಲಿನ ಎಲುಬಿನ ಕೆಳಗಿನ ನಾಳಕ್ಕೂ ಹಾಕುತ್ತಿದ್ದರು. ಅಲ್ಲಿ ಹಾಕಿದರೆ ನಾಳ ಕಿರಿದಾಗಿ ಕೈ ಊದುವುದು ಕಂಡುಬಂತು. ಅದಕ್ಕೇ ಈಗ ಆದಷ್ಟು ಬಿಡುತ್ತಾರೆ.

ಮೆತ್ತಗೇ ಯಾಕೆ ಇರಬೇಕು?

ನಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಕೊಳವೆಯ ತುದಿ ಹೃದಯದ ಹತ್ತಿರವೇ ಇರುತ್ತದೆ. ಕೊಳವೆ ಗಟ್ಟಿಯಾಗಿದ್ದರೆ ಪ್ರತಿ ಬಡಿತಕ್ಕೂ ನಾಳದ ಗೋಡೆಗೆ ತಾಗುತ್ತದೆ. ಗೋಡೆ ಗಾಯವಾಗುತ್ತದೆ. ಗಾಯದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ತೂತೂ ಬೀಳಬಹುದು. ಮೆತ್ತನೆಯ ಕೊಳವೆ ನೀರಿನಲ್ಲಿ ಪಾಚಿ ಆಡಿದಂತೆ ರಕ್ತದ ಜೊತೆ ಆಡುತ್ತದೆ.

ಹಾಗಂತ ತೀರಾ ಮೆತ್ತಗೂ ಇರಬಾರದು. ಒಳಗೆ ತಳ್ಳಲು ಆಗೋದಿಲ್ಲ. ಮಡಿಚಿಕೊಳ್ಳುತ್ತೆ. ಇದಕ್ಕೊಂದು ಜಾಣತನದ ಪ್ಲಾಸ್ಟಿಕ್ ಇದೆ. ಅದರ ಹೆಸರು ಪಾಲಿಯುರಿಥೇನ್. ಹೊರಗೆ ಇದ್ದಾಗ ಬಿರುಸಾಗಿರುತ್ತೆ. ಮೈಯೊಳಗೆ ಹೋದ ಮೇಲೆ ಮೈಯ ಬಿಸಿಗೆ ಮೆತ್ತಗಾಗುತ್ತೆ. ಸಿಲಿಕೋನಿನ ಕೊಳವೆಗಳೂ ಇವೆ.

ಒಂದು ಕೊಳವೆ, ಎರಡು ದಾರಿ

ಹೊರಗೆ ಒಂದೇ ಕೊಳವೆ. ಒಳಗೆ ನಡುವೆ ಒಂದು ಗೋಡೆ. ಕೆಂಪು ದಾರಿಯಲ್ಲಿ ರಕ್ತ ಯಂತ್ರಕ್ಕೆ ಹೋಗುತ್ತೆ. ನೀಲಿ ದಾರಿಯಲ್ಲಿ ಸೋಸಿದ ರಕ್ತ ವಾಪಸು ಬರುತ್ತೆ.

ಹೊಳೆಯಲ್ಲಿ ನಾವು ಏನು ಮಾಡ್ತೀವಿ? ಕುಡಿಯುವ ನೀರನ್ನು ಮೇಲೆ ಹಿಡಿಯುತ್ತೇವೆ. ಬಟ್ಟೆಯನ್ನು ಕೆಳಗೆ ಒಗೆಯುತ್ತೇವೆ. ಎರಡೂ ಬೆರೆಯಬಾರದು. ಕೊಳವೆಯಲ್ಲೂ ಹೀಗೇ. ಮೇಲಿನ ತೂತಿನಿಂದ ರಕ್ತ ತೆಗೆಯುತ್ತಾರೆ. ಎರಡು ಮೂರು ಸೆಂಟಿಮೀಟರು ಕೆಳಗಿನ ತೂತಿನಿಂದ ಬಿಡುತ್ತಾರೆ. ಇಲ್ಲದಿದ್ದರೆ ಸೋಸಿದ ರಕ್ತವೇ ಮತ್ತೆ ಯಂತ್ರಕ್ಕೆ ಹೋಗುತ್ತೆ. ಕಸದ ರಕ್ತ ಮೈಯಲ್ಲೇ ಉಳಿಯುತ್ತೆ.

ಈ ಕೊಳವೆಯಲ್ಲಿ ಎರಡು ಜಾತಿ. ಒಂದು ಸ್ವಲ್ಪ ದಿನದ್ದು. ತುರ್ತಾಗಿ ಹಾಕುವುದು. ಕುತ್ತಿಗೆಯಲ್ಲಿ ಸಾಮಾನ್ಯವಾಗಿ ಎರಡು ವಾರಕ್ಕಿಂತ ಹೆಚ್ಚು ಇಡುವುದಿಲ್ಲ. ತೊಡೆಯದಂತೂ ಇನ್ನೂ ಕಡಿಮೆ ದಿನ.

ಇನ್ನೊಂದು ತಿಂಗಳುಗಟ್ಟಲೆ ಇರುವುದು. ಇದನ್ನು ಎದೆಯ ಚರ್ಮದ ಕೆಳಗೆ ಸುರಂಗ ಮಾಡಿ ತರುತ್ತಾರೆ. ಕೊಳವೆಯ ಸುತ್ತ ಬಟ್ಟೆಯಂಥ ಒಂದು ಬಳೆ ಇರುತ್ತೆ. ಕೆಲವು ವಾರಗಳಲ್ಲಿ ಮಾಂಸ ಆ ಬಳೆಯೊಳಗೆ ಬೆಳೆಯುತ್ತೆ. ಬದುವಿನ ಮೇಲೆ ಹುಲ್ಲು ಬೇರು ಬಿಟ್ಟರೆ ಮಣ್ಣು ಗಟ್ಟಿಯಾಗುತ್ತಲ್ಲ, ಹಾಗೆ. ಕೊಳವೆ ಜಾರುವುದಿಲ್ಲ. ರೋಗಾಣುಗಳು ಒಳಗೆ ನುಸುಳುವುದೂ ಕಷ್ಟ.

ಬಾಗಿಲು ಇದ್ದರೆ ಕಾವಲೂ ಬೇಕು

ಈಗ ಮುಖ್ಯ ಮಾತಿಗೆ ಬರೋಣ. ಈ ಕೊಳವೆ ಹೃದಯದ ಬಾಗಿಲಿನವರೆಗೆ ಹೋಗುವ ದಾರಿ. ರಕ್ತಕ್ಕೆ ದಾರಿಯಾದದ್ದು ರೋಗಾಣುವಿಗೂ ದಾರಿಯಾಗಬಹುದು. ಕೊಳವೆಯಿಂದ ನಂಜು ಏರಿದರೆ ಅದು ರಕ್ತದಲ್ಲಿ ಸೇರಿ ಮೈಯೆಲ್ಲ ಹರಡುತ್ತೆ. ಎಷ್ಟೋ ಜನ ಮೂತ್ರಪಿಂಡದ ಕಾಯಿಲೆಯಿಂದಲ್ಲ, ಈ ನಂಜಿನಿಂದ ಸಾಯುತ್ತಾರೆ. ಇದನ್ನು ತಡೆಯಬಹುದು. ತಡೆಯುವುದು ಮನೆಯವರ ಕೈಯಲ್ಲೂ ಇದೆ.

ಪಟ್ಟಿ ಒದ್ದೆ ಆಗಬಾರದು. ತಲೆಗೆ ನೀರು ಸುರಿದುಕೊಳ್ಳಬಾರದು. ಸೊಂಟದ ಕೆಳಗೆ ನೀರು ಹಾಕಿಕೊಳ್ಳಿ. ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಕೆರೆ, ಹೊಳೆಯ ಸ್ನಾನ ಬೇಡವೇ ಬೇಡ. ಜಾತ್ರೆಯ ದಿನವಾದರೂ ಬೇಡ.

ಕೊಳವೆಯ ಮುಚ್ಚಳವನ್ನು ಡಯಾಲಿಸಿಸ್ ನರ್ಸು ಮಾತ್ರ ತೆಗೆಯಬೇಕು. ತೆಗೆಯುವ ಮೊದಲು ಅವರು ಕೈ ತೊಳೆಯಬೇಕು. ಅವರೂ ರೋಗಿಯೂ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಮರೆತಿದ್ದರೆ ನೆನಪು ಮಾಡಿ. "ಅಕ್ಕಾ, ಕೈ ತೊಳೆದಿರಾ?" ಅಂತ ಕೇಳುವುದಕ್ಕೆ ಸಂಕೋಚ ಬೇಡ. ಕೇಳುವುದು ತಪ್ಪಲ್ಲ.

ಬೇರೆ ಯಾರೂ ಈ ಕೊಳವೆಯಿಂದ ಗ್ಲೂಕೋಸು ಏರಿಸಬಾರದು. ಇಂಜೆಕ್ಷನ್ ಕೊಡಬಾರದು. ಡಯಾಲಿಸಿಸ್ ಮುಗಿದ ಮೇಲೆ ಕೊಳವೆಯೊಳಗೆ ಹೆಪಾರಿನ್‌ನಂಥ ಔಷಧಿ ತುಂಬಿರುತ್ತಾರೆ. ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತೆ. ಗೊತ್ತಿಲ್ಲದವರು ಅದನ್ನು ಒಳಗೆ ತಳ್ಳಿದರೆ ಎಲ್ಲೆಲ್ಲೋ ರಕ್ತ ಸುರಿಯಬಹುದು.

ಕೊಳವೆಯ ಹತ್ತಿರ ಕತ್ತರಿ, ಬ್ಲೇಡು, ಪಿನ್ನು ತರಬಾರದು. ಬಾಲದ ಮೇಲಿನ ಚಿಮಟ ಯಾವಾಗಲೂ ಹಾಕಿಯೇ ಇರಬೇಕು. ತೆರೆದಿದ್ದರೆ ರಕ್ತ ಹೋಗಬಹುದು. ಗಾಳಿಯೂ ಒಳಗೆ ಹೋಗಬಹುದು. ಗಾಳಿ ಹೃದಯಕ್ಕೆ ಹೋದರೆ ಜೀವಕ್ಕೆ ಅಪಾಯ.

ಅಕಸ್ಮಾತ್ ಕೊಳವೆ ಕಿತ್ತು ಬಂದರೆ? ಹೆದರಬೇಡಿ. ಮತ್ತೆ ಒಳಗೆ ತುರುಕಬೇಡಿ. ರೋಗಿಯನ್ನು ಮಲಗಿಸಿ. ಶುದ್ಧ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒತ್ತಿದ ಕೈ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಚಳಿ ಬಂದು ಮೈ ನಡುಗಿದರೆ, ಜ್ವರ ಬಂದರೆ, ಕೊಳವೆಯ ಬುಡದಲ್ಲಿ ಕೆಂಪಾದರೆ, ಕೀವು ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಡಯಾಲಿಸಿಸ್ ಆಗುವಾಗಲೇ ಚಳಿ ಹತ್ತಿದರೆ ಅಲ್ಲೇ ಹೇಳಿ. ಅಂಗಡಿಯಿಂದ ಜ್ವರದ ಮಾತ್ರೆ ತಂದು ನುಂಗಿ ಕಾಯಬೇಡಿ. "ನಾಳೆ ಹೇಗೂ ಡಯಾಲಿಸಿಸ್ ಇದೆಯಲ್ಲ" ಅನ್ನಬೇಡಿ. ಒಂದು ರಾತ್ರಿ ತಡವಾದರೂ ಜೀವ ಹೋಗಬಹುದು.

ಕೊಳವೆಯೇ ಕೊನೆಯಲ್ಲ

ಕೊಳವೆ ಸೇತುವೆ ಇದ್ದಂತೆ. ಸೇತುವೆಯ ಮೇಲೆ ಮನೆ ಕಟ್ಟಬಾರದು, ದಾಟಬೇಕು. ದಾಟಿ ಎಲ್ಲಿಗೆ ಹೋಗಬೇಕು? ಫಿಸ್ಟುಲಾ ಕಡೆಗೆ.

ಫಿಸ್ಟುಲಾ ಅಂದರೆ ಕೈಯಲ್ಲಿ ಶುದ್ಧ ರಕ್ತದ ನಾಳವನ್ನೂ ಅಶುದ್ಧ ರಕ್ತದ ನಾಳವನ್ನೂ ಸಣ್ಣ ಆಪರೇಷನ್ ಮಾಡಿ ಸೇರಿಸುವುದು. 1966ರಲ್ಲಿ ನ್ಯೂಯಾರ್ಕಿನ ಬ್ರೆಶಾ, ಸಿಮಿನೊ ಮತ್ತು ಅವರ ಜೊತೆಯ ಡಾಕ್ಟರುಗಳು ಇದನ್ನು ಲೋಕಕ್ಕೆ ತಿಳಿಸಿದರು. ಜೋರಾಗಿ ನೀರು ಹರಿದರೆ ಕಾಲುವೆ ಅಗಲ ಆಗುತ್ತಲ್ಲ, ಹಾಗೆ ಕೈಯ ನಾಳ ದಪ್ಪವಾಗುತ್ತೆ. ಆಮೇಲೆ ಅಲ್ಲಿಗೇ ಸೂಜಿ ಹಾಕಬಹುದು. ಮೈಯಲ್ಲಿ ಪ್ಲಾಸ್ಟಿಕ್ ಇಲ್ಲ. ನಂಜು ಬಹಳ ಕಡಿಮೆ. ಸ್ನಾನವನ್ನೂ ಧಾರಾಳವಾಗಿ ಮಾಡಬಹುದು.

ಆದರೆ ನಾಳ ದಪ್ಪವಾಗಲು ಒಂದರಿಂದ ಮೂರು ತಿಂಗಳು ಬೇಕು. ಆದ್ದರಿಂದ ಮೂತ್ರಪಿಂಡ ಪೂರ್ತಿ ಹೋಗುವ ಮುಂಚೆಯೇ ಫಿಸ್ಟುಲಾ ಮಾಡಿಸಿದರೆ ಒಳ್ಳೇದು. ಎಲ್ಲರಿಗೂ ಇದು ಆಗುವುದಿಲ್ಲ. ಕೆಲವರ ನಾಳ ಬಹಳ ಸಣ್ಣ. ಅಂಥವರಿಗೆ ಸುರಂಗದ ಕೊಳವೆ ಒಂದು ದಾರಿ. ನಮಗೆ ಯಾವುದು ಅಂತ ಡಾಕ್ಟರನ್ನು ಕೇಳಿ ತಿಳಿಯಬೇಕು.

ಇನ್ನೊಂದು ಮಾತು. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಎಡಗೈಗೆ ಫಿಸ್ಟುಲಾ ಮಾಡ್ತಾರೆ. ಆ ಕೈಯನ್ನು ಮೊದಲಿನಿಂದಲೂ ಕಾಪಾಡಬೇಕು. ಸುಸ್ತು ಅಂದಾಗಲೆಲ್ಲ ಆ ಕೈಗೇ ಗ್ಲೂಕೋಸು ಏರಿಸಿಕೊಂಡರೆ ನಾಳ ಹಾಳಾಗುತ್ತೆ. ಸೂಜಿ ಬೇಕೇ ಬೇಕು ಅಂದರೆ ಹಸ್ತದ ಹಿಂಭಾಗಕ್ಕೆ ಹಾಕಿ ಅಂತ ಹೇಳಿ. ಫಿಸ್ಟುಲಾ ಆದ ಮೇಲೆ ಆ ಕೈಯಲ್ಲಿ ಬಿ.ಪಿ. ನೋಡಿಸಬೇಡಿ. ಬಿಗಿಯಾದ ಬಳೆ, ವಾಚು ಹಾಕಬೇಡಿ. ಭಾರದ ಕೊಡ ಎತ್ತಬೇಡಿ. ದಿನಾ ಬೆಳಿಗ್ಗೆ ಅದರ ಮೇಲೆ ಬೆರಳಿಟ್ಟು ನೋಡಿ. ಜುಂ ಅಂತ ಅದುರಬೇಕು. ಅದುರು ನಿಂತರೆ ತಕ್ಷಣ ಆಸ್ಪತ್ರೆಗೆ ಹೋಗಿ.

ನಮ್ಮ ಅಕ್ಷರ, ನಮ್ಮ ಕಾವಲು

ನೀವು ಈಗ ಓದಲು ಕಲಿತಿದ್ದೀರಿ. ಬರೆಯಲು ಕಲಿತಿದ್ದೀರಿ. ಇಲ್ಲಿ ಅದು ಕೆಲಸಕ್ಕೆ ಬರುತ್ತೆ. ಒಂದು ನೋಟ್ ಪುಸ್ತಕ ಮಾಡಿ. ಕೊಳವೆ ಹಾಕಿದ ತಾರೀಖು ಬರೆಯಿರಿ. ಯಾವ ಕಡೆ ಹಾಕಿದ್ದಾರೆ ಬರೆಯಿರಿ. ಡಯಾಲಿಸಿಸ್ ಆದ ದಿನ ಬರೆಯಿರಿ. ಆವತ್ತಿನ ತೂಕ ಬರೆಯಿರಿ. ಜ್ವರ ಬಂದರೆ ದಿನ, ಹೊತ್ತು ಬರೆಯಿರಿ. ಆಸ್ಪತ್ರೆಯ ಫೋನ್ ನಂಬರು ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ.

ಡಾಕ್ಟರು ಬದಲಾಗಬಹುದು. ಆಸ್ಪತ್ರೆ ಬದಲಾಗಬಹುದು. ಪುಸ್ತಕ ನಿಮ್ಮ ಕೈಯಲ್ಲೇ ಇರುತ್ತೆ. "ಎರಡು ವಾರ ಆಯಿತಲ್ಲ, ಈ ಕೊಳವೆ ಇನ್ನೂ ಇರಬಹುದಾ?" ಅಂತ ನೀವೇ ಕೇಳಬಹುದು. ಒಂದು ತಾರೀಖು, ಒಂದು ಸಾಲು ಬರಹ, ಒಂದು ಜೀವ ಉಳಿಸಬಹುದು.

ನಮ್ಮ ಓಣಿಯಲ್ಲಿ, ನಮ್ಮ ಊರಿನಲ್ಲಿ ಇಂಥವರು ಇದ್ದರೆ ಅವರ ಮನೆಗೆ ಹೋಗೋಣ. ಈ ಪಾಠವನ್ನು ಓದಿ ಹೇಳೋಣ. ಹೆದರಿದವರಿಗೆ ಧೈರ್ಯ ಹೇಳೋಣ. ಧೈರ್ಯದ ಜೊತೆ ತಿಳಿವಳಿಕೆಯನ್ನೂ ಕೊಡೋಣ.



ನೆನಪಿಡಿ

1. ಕೊಳವೆ ಒದ್ದೆ ಆಗಬಾರದು.
2. ಮುಚ್ಚಳ ತೆಗೆಯುವುದು ಡಯಾಲಿಸಿಸ್ ನರ್ಸು ಮಾತ್ರ.
3. ಚಳಿ ಜ್ವರ ಬಂದರೆ ಅವತ್ತೇ ಆಸ್ಪತ್ರೆ.
4. ಫಿಸ್ಟುಲಾ ಬಗ್ಗೆ ಬೇಗ ಕೇಳಿ. ಕೈಯ ನಾಳ ಕಾಪಾಡಿ.
5. ತಾರೀಖು ಬರೆದಿಡಿ.

ಯೋಚಿಸಿ, ಮಾತಾಡಿ

1. ಕೋಲ್ಫ್ ಡಾಕ್ಟರ ಮೊದಲ ರೋಗಿ ಯಾಕೆ ಉಳಿಯಲಿಲ್ಲ?
2. ಯಾರು ಬದುಕಬೇಕು ಅಂತ 7 ಜನ ತೀರ್ಮಾನ ಮಾಡುವುದು ಸರಿಯೇ?
3. ನಿಮ್ಮ ಊರಿನಿಂದ ಡಯಾಲಿಸಿಸ್ ಆಸ್ಪತ್ರೆ ಎಷ್ಟು ದೂರ? ಹೋಗಿ ಬರಲು ಎಷ್ಟು ಖರ್ಚು? ಲೆಕ್ಕ ಹಾಕಿ ಬರೆಯಿರಿ.